ನನ್ನ ಕವಿತೆಗೆ ಮಠದ ಅಂಕಿತ

ನಾನು ಬರೆದ ಕವಿತೆಗಳಲ್ಲಿ ಜನರ ಬಾಯಲ್ಲಿ ಉಳಿದದ್ದು ಒಂದೇ. ಅದೂ ನನ್ನದಾಗಿ ಉಳಿದಿಲ್ಲ. ರಬಕವಿ, ಬನಹಟ್ಟಿ ಕಡೆಯ ಭಜನಾ ಮೇಳಗಳು ಅದನ್ನು ಈಗಲೂ ಹಾಡುತ್ತವೆ. ಕೊನೆಯ ಸಾಲಿನಲ್ಲಿ ಒಬ್ಬ ಗುರುವಿನ ಅಂಕಿತ ಬರುತ್ತದೆ. ಆ ಗುರುವಿಗೂ ಆ ಕವಿತೆಗೂ ಎಳ್ಳಷ್ಟೂ ಸಂಬಂಧವಿಲ್ಲ. ಒಮ್ಮೆ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಹಿರಿಯರೊಬ್ಬರು ಅದನ್ನು ಗುನುಗುತ್ತ, ಪಕ್ಕದವರಿಗೆ ‘ಇದು ಭಾಳ ಹಳೀ ಪದ, ನಮ್ಮ ಮುತ್ತ್ಯಾನ ಕಾಲದ್ದು’ ಎಂದು ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ‘ಅದನ್ನ ಬರದಾಕಿ ನಾನರಿ’ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಮ್ಮ ಚೀಲ ಎತ್ತಿಕೊಂಡು ಬೇರೆ ಕಟ್ಟೆಗೆ ಹೋಗಿ ಕುಳಿತರು. ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ನಮ್ಮ ಮನೆತನಕ್ಕೆ ಆ ಮಾತು ಹೊಸದೇನೂ ಅಲ್ಲ.

ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದ ಕಾಲ. ಬನಹಟ್ಟಿಯ ನೇಕಾರರ ಓಣಿಯಲ್ಲಿ ನಮ್ಮ ಮನೆ. ಅಪ್ಪ, ಅವ್ವ, ಅಕ್ಕ, ನಾನು, ಹೀಗೆ ನಾಲ್ಕೇ ಜನ. ಅಪ್ಪ ಮಗ್ಗದ ಕುಣಿಗೆ ಇಳಿದನೆಂದರೆ ಊಟದ ಹೊತ್ತಿಗೇ ಏಳುವುದು. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಮದುವೆ ಒಲ್ಲೆ ಎಂದು ಹಟ ಹಿಡಿದು ಓಣಿಯವರ ಬಾಯಿಗೆ ಆಗಲೇ ಒಂದು ತುತ್ತಾಗಿದ್ದೆ.

ಅಕ್ಕನನ್ನು ಮುಧೋಳಕ್ಕೆ ಕೊಟ್ಟಿತ್ತು. ಅವಳ ಮಗ, ಮೂರು ವರ್ಷದ ಹುಡುಗ, ಜ್ವರ ಬಂದು ತೀರಿಕೊಂಡ. ಸುದ್ದಿ ತಿಳಿದು ನಾವು ಹೋಗುವಷ್ಟರಲ್ಲಿ ಗಂಡಸರು ಮಣ್ಣು ಮಾಡಿ ಬಂದು ಕೈಕಾಲು ತೊಳೆಯುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅತ್ತಿರಲಿಲ್ಲ. ನಮ್ಮನ್ನು ನೋಡಿ, ‘ಬಂದ್ರ್ಯಾ? ಕೂಸು ಹೊರಗ ಆಡಾಕ ಹೋಗೇತಿ’ ಎಂದಳು. ಒಂದು ತಿಂಗಳು ಹೀಗೇ ಕಳೆದ ಮೇಲೆ ಅವಳ ಗಂಡ ಅವಳನ್ನು ಬನಹಟ್ಟಿಗೆ ತಂದು ಬಿಟ್ಟ. ‘ಛಲೋ ಆದ ಮ್ಯಾಲ ಹೇಳಿ ಕಳಸ್ರಿ’ ಎಂದು ಚಹಾ ಕೂಡ ಕುಡಿಯದೆ ಹೋದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಹಗಲೆಲ್ಲ ಅಕ್ಕ ನೆಟ್ಟಗೇ ಇರುತ್ತಿದ್ದಳು. ರಾಟಿಯ ಮುಂದೆ ಕುಳಿತು ಅಪ್ಪನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು, ಒಂದು ಎಳೆ ಹರಿಯುತ್ತಿರಲಿಲ್ಲ. ಸಂಜೆ ಹೊತ್ತು ಮುಳುಗುವಾಗ ಎದ್ದು ಸಣ್ಣ ತಾಟಿನಲ್ಲಿ ಅನ್ನ ಹಾಲು ಕಲಸಿ, ಹೊಸ್ತಿಲ ಮೇಲೆ ನಿಂತು ಓಣಿಯ ಕಡೆ ಮುಖ ಮಾಡಿ ‘ಉಣ್ಣಾಕ ಬಾರೋ’ ಎಂದು ಕರೆಯುತ್ತಿದ್ದಳು. ಅವ್ವ ಒಳಗಿನಿಂದ, ‘ಬರ್ತಾನ ಬೇ, ಬರ್ತಾನ. ಅವರಪ್ಪ ಜಾತ್ರಿಗೆ ಕರಕೊಂಡ ಹೋಗ್ಯಾನ’ ಎನ್ನುತ್ತಿದ್ದಳು. ಅಪ್ಪನೂ ಹ್ಞೂಂಗುಟ್ಟುತ್ತಿದ್ದ. ಖರೇ ಹೇಳಿದರೆ ಎದೆ ಒಡೆದು ಸಾಯುತ್ತಾಳೆ ಎಂದು ಅವರಿಬ್ಬರ ಹೆದರಿಕೆ. ಮನೆಗೆ ಬಂದವರಿಗೆಲ್ಲ ಬಾಗಿಲಲ್ಲೇ ಈ ಸುಳ್ಳು ಕಲಿಸಿ ಒಳಗೆ ಬಿಡುತ್ತಿದ್ದರು.

ಜಮಖಂಡಿಯ ಡಾಕ್ಟರರೊಬ್ಬರಿಗೆ ನಾನೇ ಅಕ್ಕನನ್ನು ತೋರಿಸಿಕೊಂಡು ಬಂದೆ. ‘ಧಾರವಾಡಕ್ಕೆ ಒಯ್ಯಿರಿ, ಮನಸ್ಸಿನ ಬೇನೆಗೆ ಅಲ್ಲಿ ದವಾಖಾನೆ ಇದೆ. ಹೆಚ್ಚು ದಿನ ಬಿಟ್ಟರೆ ಕಷ್ಟ’ ಎಂದರು. ಧಾರವಾಡ ಎಂದಕೂಡಲೇ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಊರವರಿಗೆ ಧಾರವಾಡಕ್ಕೆ ಒಯ್ಯುವುದು ಅಂದರೆ ಒಂದೇ ಅರ್ಥ. ನಾನು ಆರು ತಿಂಗಳು ಅಪ್ಪನ ಬೆನ್ನು ಹತ್ತಿದೆ. ಉಣ್ಣುವಾಗ, ಅವನು ಮಗ್ಗದಲ್ಲಿ ಕುಳಿತಾಗ, ಮಠಕ್ಕೆ ಹೊರಟಾಗ, ಅದೇ ಮಾತು. ಕೊನೆಗೆ ಶ್ರಾವಣದ ಮೊದಲಿಗೆ ಅಪ್ಪ ಸೋತ. ‘ಆತು ಬೇ ತಂಗಿ. ಶ್ರಾವಣ ಮುಗೀಲಿ, ಒಯ್ಯೂಣು’ ಎಂದ. ಆ ರಾತ್ರಿ ನಾನು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಅದೇ ವಾರ ನನ್ನ ಕವಿತೆ ಅಚ್ಚಾಗಿ ಬಂತು.

ಜಮಖಂಡಿಯ ವಾಚನಾಲಯಕ್ಕೆ ಧಾರವಾಡದ ಮಾಸಪತ್ರಿಕೆಗಳು ಬರುತ್ತಿದ್ದವು. ಪ್ರಾಸವಿಲ್ಲದ, ಹಾಡಲು ಬಾರದ, ಮಾತಿನ ಹಾಗೇ ನಡೆಯುವ ಹೊಸ ಕವಿತೆಗಳನ್ನು ನಾನು ಅಲ್ಲಿ ಓದಿದ್ದೆ. ಚಂದ್ರ, ಕೋಗಿಲೆ, ತಾಯ್ನಾಡು ಯಾವುದೂ ಇಲ್ಲದೆ, ಒಬ್ಬ ಮನುಷ್ಯನ ತಲೆಯೊಳಗಿನ ಗದ್ದಲವನ್ನೇ ಬರೆಯಬಹುದು ಎಂಬುದು ನನಗೆ ಬಾಗಿಲು ತೆರೆದ ಹಾಗಾಗಿತ್ತು. ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳದಿದ್ದುದನ್ನು ಅಲ್ಲಾದರೂ ಹೇಳೋಣ ಎಂದು ಬರೆದೆ:

ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಾಳೆ
ತಾಟಿನಲ್ಲಿ ಅನ್ನ ಆರುತ್ತಿದೆ
ಉಣ್ಣಾಕ ಬಾ ಎಂದು ಕರೆಯುತ್ತಾಳೆ
ಓಣಿ ಸುಮ್ಮನಿದೆ
ಬರುತ್ತಾನೆ ಎನ್ನುತ್ತೇವೆ ನಾವು ಮನೆಮಂದಿ
ಬರುವುದಿಲ್ಲ ಎಂದು ಬಲ್ಲವರು

ಇನ್ನೂ ಹತ್ತು ಹನ್ನೆರಡು ಸಾಲಿತ್ತು, ಎಲ್ಲ ಹೀಗೇ. ಇದರಲ್ಲಿ ತಿಳಿಯದ್ದು ಏನಿದೆ? ನಮ್ಮ ಶಾಲೆಯ ಎರಡನೇ ಇಯತ್ತೆಯ ಹುಡುಗಿಗೆ ಓದಿಸಿದರೂ ತಿಳಿಯುತ್ತದೆ. ಆದರೆ ನಮ್ಮ ಕಡೆಯವರಿಗೆ ಒಂದು ರೋಗವಿದೆ. ಒಂದು ಪದ ಕೇಳಿದರೆ ಅದರ ಸಿಪ್ಪೆ ಸುಲಿಯದೆ ಬಿಡುವುದಿಲ್ಲ. ಸೋಮವಾರ ಸೋಮವಾರ ಮಠದಲ್ಲಿ ಭಜನೆ. ಒಂದು ಪದ ಹಾಡುವುದು, ತಾಳ ಕೆಳಗಿಡುವುದು, ಆಮೇಲೆ ಅದರ ಒಳಗುಟ್ಟು ಬಿಡಿಸುವುದು. ಗಿಡವೆಂದರೆ ಗಿಡವಲ್ಲ, ಹಕ್ಕಿಯೆಂದರೆ ಹಕ್ಕಿಯಲ್ಲ. ತೂತು ಕೊಡ ಎಂದರೆ ನಮ್ಮ ದೇಹ. ಹೊರಗಿನ ಅರ್ಥಕ್ಕೇ ನಿಂತವನು ಅವರ ಲೆಕ್ಕದಲ್ಲಿ ದಡ್ಡ.

ಅಪ್ಪ ಆ ಮೇಳದಲ್ಲಿ ತಾಳ ಬಾರಿಸುವವನು. ಮಗಳ ಹೆಸರು ಅಚ್ಚಿನಲ್ಲಿ ಬಂದ ಸಂಭ್ರಮಕ್ಕೆ ಪತ್ರಿಕೆಯನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡು ಮಠಕ್ಕೆ ಒಯ್ದ. ಮೇಳಕ್ಕೆ ಹಿರಿಯರು ನೂಲಿನ ಸಾಹುಕಾರರು. ಅಪ್ಪನಿಗೆ ನೂಲು ಕೊಡುವವರೂ ಅವರೇ, ನೇಯ್ದ ಸೀರೆ ಕೊಳ್ಳುವವರೂ ಅವರೇ. ನಮ್ಮ ಓಣಿಯಲ್ಲಿ ಅವರ ಎದುರು ಯಾರೂ ಕಾಲು ಚಾಚಿ ಕೂಡುತ್ತಿರಲಿಲ್ಲ. ಅವರು ಕವಿತೆಯನ್ನು ಎರಡು ಸಲ ಓದಿಸಿ ಕೇಳಿ, ಕಣ್ಣು ಮುಚ್ಚಿ, ತಂಬೂರಿ ಮೀಟಿ ಅದನ್ನೊಂದು ಧಾಟಿಗೆ ಕೂಡಿಸಿದರಂತೆ. ಹಾಡಲು ಬಾರದಂತೆ ನಾನು ಎಷ್ಟು ಜೋಪಾನವಾಗಿ ಬರೆದಿದ್ದೆ! ಕೊನೆಗೆ ಅಂಕಿತವಿಲ್ಲ ಎಂದು ಅವರಿಗೆ ಕಸಿವಿಸಿಯಾಯಿತು. ಅಂಕಿತವಿಲ್ಲದ ಪದ ತಂದೆತಾಯಿ ಇಲ್ಲದ ಕೂಸಿನಂತೆ ಎಂದು, ಮಠದ ಗುರುವಿನ ಹೆಸರು ಹಚ್ಚಿ ಎರಡು ಸಾಲು ತಾವೇ ಸೇರಿಸಿದರು.

ಮುಂದಿನ ಸೋಮವಾರ ನಾನೂ ಹೋಗಿ ಹೆಂಗಸರ ಸಾಲಿನಲ್ಲಿ ಕುಳಿತೆ. ಹಾಡು ಮುಗಿಯಿತು. ಸಾಹುಕಾರರು ಅರ್ಥ ಬಿಡಿಸತೊಡಗಿದರು.

‘ಹೊಸ್ತಲಾ ಅಂದ್ರ ಏನು? ಈ ಲೋಕಕ್ಕೂ ಆ ಲೋಕಕ್ಕೂ ನಡುವಿಂದು. ತಾಟಂದ್ರ ಈ ದೇಹ. ಅನ್ನ ಆರಾಕತ್ತೇತಿ ಅಂದ್ರ ಆಯುಷ್ಯ ತೀರಾಕತ್ತೇತಿ. ಕೂಸು ಅಂದ್ರ ಆತ್ಮ, ಸಂಸಾರದ ಓಣ್ಯಾಗ ಆಡಾಕ ಹೋಗೇತಿ. ಅದನ್ನ ಅರಿವು ಅನ್ನೂ ತಾಯಿ ಕರ್ಯಾಕತ್ತಾಳ. ಮನಿಮಂದಿ ಐದು ಜನ, ಪಂಚೇಂದ್ರಿಯ. ಅವು ಸುಳ್ಳ ಹೇಳತಾವ.’

ಮೇಳದವರೆಲ್ಲ ‘ಓಹೋ’ ಎಂದರು. ಅಪ್ಪ ಕಣ್ಣು ಒರೆಸಿಕೊಂಡ.

ನಾನು ಎದ್ದು ನಿಂತೆ. ‘ಸಾಹುಕಾರ್ರ, ಹಂಗಲ್ಲರಿ. ಅದು ನಮ್ಮಕ್ಕನ ಸುದ್ದಿ. ಹೊಸ್ತಲಾ ನಮ್ಮನಿ ಹೊಸ್ತಲಾ. ಮನ್ಯಾಗ ಐದ ಮಂದಿ ಇಲ್ಲ, ನಾಕ ಮಂದಿ ಅದೇವಿ.’

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚಲೋ ಇತ್ತು. ಮುಗುಳ್ನಕ್ಕು, ‘ಐದನೇದವ ಗುಪ್ತ ಅದಾನ ತಂಗಿ. ಬರದಾಕಿಗೆ ತಿಳ್ಯಾಂಗಿಲ್ಲ, ಬರಸಿದಾಂವಗ ಗೊತ್ತು’ ಎಂದರು. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಓದಿದವರಾದರೂ ತಿಳಿಯುತ್ತಾರೆಂದು ಜಮಖಂಡಿಯಲ್ಲಿ ಒಂದು ಸಾಹಿತ್ಯ ಸಭೆಗೆ ಕರೆದಾಗ ಹೋದೆ. ಕವಿತೆ ಓದಿದೆ. ಕೋಟು ಹಾಕಿಕೊಂಡಿದ್ದ ವಿದ್ವಾಂಸರೊಬ್ಬರು ಅಧ್ಯಕ್ಷರು. ಆಗ ಏಕೀಕರಣದ ಗಾಳಿ ಜೋರಾಗಿತ್ತು. ಅವರು ಎದ್ದು, ಹೊಸ್ತಿಲ ಮೇಲೆ ನಿಂತ ಅಕ್ಕ ಕನ್ನಡಾಂಬೆಯೆಂದೂ, ಮನೆಗೆ ಬಾರದ ಮಗುವೆಂದರೆ ಮುಂಬಯಿ ರಾಜ್ಯದಲ್ಲಿ ಸಿಕ್ಕಿಬಿದ್ದ ನಾವೆಂದೂ, ‘ಬರುತ್ತಾನೆ’ ಎಂದು ಸುಳ್ಳು ಹೇಳುವ ಮನೆಮಂದಿ ದಿಲ್ಲಿಯ ಸರಕಾರವೆಂದೂ ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ನನ್ನ ಕೊರಳಿಗೆ ಹಾರ ಹಾಕಿದರು. ‘ಇಲ್ಲ, ಅವಳಿಗೆ ಖರೇನೇ ತಲೆ ಕೆಟ್ಟಿದೆ’ ಎಂದು ನಾನು ಪಕ್ಕದವರಿಗೆ ಹೇಳಿದೆ. ‘ಹೌದು ಹೌದು, ನಮ್ಮೆಲ್ಲರಿಗೂ ಕೆಟ್ಟಿದೆ’ ಎಂದು ಅವರು ತಲೆದೂಗಿದರು. ಹಾರ ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದೆ. ಹತ್ತಿದ ಕೂಡಲೇ ಕಿಟಕಿಯಿಂದ ಹೊರಗೆ ಒಗೆದೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಬಿಡಬಹುದಿತ್ತು. ಊರಿಗೆ ಬಂದು ನೋಡಿದರೆ ಮನೆಯ ಮುಂದೆ ಇಬ್ಬರು ಮುದುಕಿಯರು ತೆಂಗಿನಕಾಯಿ ಹಿಡಿದು ನಿಂತಿದ್ದಾರೆ. ಪದ ನಮ್ಮಕ್ಕನ ಸುದ್ದಿ ಎಂದು ನಾನೇ ಮಠದಲ್ಲಿ ಹೇಳಿದ್ದೆನಲ್ಲ, ಅದನ್ನು ಜನ ತಮಗೆ ಬೇಕಾದ ಹಾಗೆ ತಿರುಗಿಸಿಕೊಂಡರು. ಇಂಥ ಮಾತು ಆಡುವವಳು ಹುಚ್ಚಿಯಲ್ಲ, ಶರಣೆ. ಲೋಕದ ಕಣ್ಣಿಗೆ ಹುಚ್ಚರ ಹಾಗೆ ಕಾಣುತ್ತಾಳೆ ಅಷ್ಟೇ. ಸಂಜೆ ಅವಳು ಹೊಸ್ತಿಲಿಗೆ ಬರುವ ಹೊತ್ತಿಗೆ ಓಣಿಯಲ್ಲಿ ಹತ್ತು ಜನ ಕೈಮುಗಿದು ನಿಲ್ಲತೊಡಗಿದರು. ‘ಉಣ್ಣಾಕ ಬಾರೋ’ ಎಂದು ಅವಳು ಕರೆದರೆ ತಾಟಿನ ಅನ್ನವನ್ನು ಪ್ರಸಾದವೆಂದು ಚಿಟಿಕೆ ಚಿಟಿಕೆ ಹಂಚಿಕೊಂಡು ತಿನ್ನುತ್ತಿದ್ದರು. ಅಕ್ಕ ಬರಿದಾದ ತಾಟು ನೋಡಿ, ‘ಕೂಸಿಗೆ ಏನ ಹಾಕ್ಲಿ?’ ಎಂದು ಕಂಗಾಲಾಗುತ್ತಿದ್ದಳು. ಅದಕ್ಕೂ ಅರ್ಥ ಹುಡುಕಿದರು.

ಶ್ರಾವಣ ಮುಗಿಯಿತು. ಧಾರವಾಡದ ಮಾತು ತೆಗೆದೆ.

‘ಶರಣರ್ನ ಯಾರರ ದವಾಖಾನಿಗೆ ಒಯ್ತಾರೇನ ಬೇ?’ ಎಂದ ಅಪ್ಪ.

‘ಶರಣಿ ಅಲ್ಲಪಾ, ನಿನ್ನ ಮಗಳು! ಆಕಿಗೆ ಜಡ್ಡ ಆಗೇತಿ!’

ಅವ್ವ ಅಡ್ಡ ಬಂದಳು. ‘ಸುಮ್ಮನಿರು. ಹ್ವಾದ ವರ್ಷ ಇದ ಮಂದಿ ನಮ್ಮನಿ ಮುಂದ ಹಾಯುವಾಗ ಹುಡುಗುರ್ನ ಸೆರಗಿನಾಗ ಮುಚ್ಚಿಕೊಂಡ ಹೋಗ್ತಿದ್ರು. ಇವತ್ತ ಕಾಲ ಬೀಳತಾರ. ಹುಚ್ಚಿ ಅನ್ನೂಕಿಂತ ಶರಣಿ ಅಂದ್ರ ಛಲೋ ಅಲ್ಲೇನ?’

ಅವ್ವನ ಆ ಮಾತು ಇವತ್ತಿಗೂ ನನ್ನನ್ನು ಕುಟುಕುತ್ತದೆ, ಏಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಡಾಕ್ಟರು ಬೇಗ ಒಯ್ಯಿರಿ ಎಂದಿದ್ದರು. ದಿನಗಳು ಉರುಳುತ್ತಿದ್ದವು. ಅಕ್ಕ ಊಟ ಕಡಿಮೆ ಮಾಡಿದ್ದಳು, ಕಂಡಿಕೆ ಸುತ್ತುವಾಗ ನೂಲು ಹರಿಯತೊಡಗಿತ್ತು. ಅವಳು ನಮ್ಮ ಕೈಯಿಂದ ಜಾರುತ್ತಿದ್ದಾಳೆ ಎಂದು ನನಗೆ ಕಾಣುತ್ತಿತ್ತು, ಹೇಳಿದರೆ ಕೇಳುವವರಿರಲಿಲ್ಲ.

ಸಿಟ್ಟಿನಿಂದ ಇನ್ನೊಂದು ಕವಿತೆ ಬರೆದೆ. ಅದಕ್ಕೆ ಕವಿತೆ ಎನ್ನಲು ನನಗೇ ನಾಚಿಕೆ. ‘ನನ್ನ ಅಕ್ಕನಿಗೆ ಬೇನೆಯಾಗಿದೆ, ಅವಳನ್ನು ಧಾರವಾಡಕ್ಕೆ ಒಯ್ಯಬೇಕು, ಡಾಕ್ಟರು ಔಷಧ ಕೊಡುತ್ತಾರೆ, ಅಪ್ಪ ಒಲ್ಲೆ ಎನ್ನುತ್ತಾನೆ.’ ಇಷ್ಟೇ. ಇದರಲ್ಲಿ ಒಳಗುಟ್ಟು ತುರುಕಲಿ ನೋಡೋಣ ಎಂದು ಅಪ್ಪನ ಕೈಗೆ ಕೊಟ್ಟೆ. ಸೋಮವಾರ ಮಠದಿಂದ ಬಂದ ಅಪ್ಪನ ಮುಖ ಅರಳಿತ್ತು. ಡಾಕ್ಟರೆಂದರೆ ಗುರುವಂತೆ, ಔಷಧವೆಂದರೆ ಮಂತ್ರವಂತೆ, ಒಲ್ಲೆನ್ನುವ ಅಪ್ಪ ಅಹಂಕಾರವಂತೆ. ‘ಮದಲಿಂದಕ್ಕಿಂತ ಇದು ಆಳ ಐತಿ ಅಂದ್ರು ಸಾಹುಕಾರ್ರು’ ಎಂದ. ನಾನು ಬಚ್ಚಲಿಗೆ ಹೋಗಿ ನೀರಿನ ಸಪ್ಪಳದಲ್ಲಿ ಅತ್ತೆ. ಕವಿತೆ ಬರೆಯುವವರ ಕೈ ಕಡಿಯಬೇಕು, ಮೊದಲು ನನ್ನದೇ ಎನಿಸಿತು.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಬೀಳಗಿಯಿಂದ ಒಬ್ಬ ಹೆಣ್ಣುಮಗಳು ತನ್ನ ಅತ್ತೆಯ ಜೊತೆ ಬಂದಳು. ನನಗಿಂತ ಸಣ್ಣವಳು. ಅವಳ ಕೂಸು ಸತ್ತು ಮೂರು ತಿಂಗಳಾಗಿತ್ತು. ಶರಣೆಯ ಕೈಯಿಂದ ಉಡಿ ತುಂಬಿಸಿಕೊಂಡರೆ ಮತ್ತೆ ಮಕ್ಕಳಾಗುತ್ತವೆ ಎಂದು ಅತ್ತೆ ಕರೆತಂದಿದ್ದಳು. ಅವತ್ತು ಸಾಹುಕಾರರೂ ನಮ್ಮ ಪಡಸಾಲೆಯಲ್ಲೇ ಕುಳಿತಿದ್ದರು, ಹಬ್ಬದ ಸೀರೆಗಳ ಮಾತಿಗೆ ಬಂದವರು. ಅಪ್ಪ ಮಗ್ಗದ ಕುಣಿಯಲ್ಲಿದ್ದ, ಅಕ್ಕ ರಾಟಿಯ ಮುಂದಿದ್ದಳು. ಬೀಳಗಿಯವಳು ಅವಳ ಕಾಲಿಗೆ ಬಿದ್ದು ಏಳಲೇ ಇಲ್ಲ, ನೆಲಕ್ಕೆ ಹಣೆ ಹಚ್ಚಿ ಬಿಕ್ಕಳಿಸುತ್ತಿದ್ದಳು.

ಅಕ್ಕ ರಾಟಿ ನಿಲ್ಲಿಸಿದಳು. ಬಗ್ಗಿ ಅವಳ ತಲೆ ಮೇಲೆ ಕೈಯಿಟ್ಟು, ‘ಯಾಕ ಅಳತಿಯವಾ? ನಿನ್ನ ಕೂಸಿಗೆ ಏನಾತು?’ ಎಂದಳು.

‘ಸತ್ತ ಹೋತ್ರಿ.’

ಮನೆಯಲ್ಲಿ ಆ ಮಾತನ್ನು ಅವಳೆದುರು ಆಡಿದವರು ಆ ತನಕ ಯಾರೂ ಇರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಿಗೆ ಓಡಿ ಬಂದಳು. ಅಕ್ಕ ಆ ಹುಡುಗಿಯ ಗಲ್ಲವನ್ನು ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ನಮ್ಮ ಕಡೆ ತಿರುಗಿ, ಮೆಲ್ಲಗೆ ಕೇಳಿದಳು: ‘ನನ್ನ ಕೂಸಿಗೆ ಏನಾತು? ಯಾರೂ ಹೇಳವಲ್ರಿ.’

‘ನೋಡ್ರಿ, ಎಂಥಾ ಪ್ರಶ್ನಿ!’ ಎಂದರು ಸಾಹುಕಾರರು. ‘ಇಡೀ ವೇದಾಂತನ ಐತಿ ಇದರಾಗ.’

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಅಕ್ಕನ ಎದುರು ಹೋಗಿ ಕುಕ್ಕರಗಾಲಲ್ಲಿ ಕುಳಿತು, ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದೆ. ‘ಅಕ್ಕಾ, ನಿನ್ನ ಕೂಸು ತೀರಕೊಂಡೇತಿ. ಜ್ವರ ಬಂದಿತ್ತು. ಮುಧೋಳದಾಗ ಮಣ್ಣ ಮಾಡ್ಯಾರ. ಜಾತ್ರಿಗೆ ಹೋಗಿಲ್ಲ.’ ಅವ್ವ ಚೀರಿದಳು. ಈಗ ಅವಳು ಸತ್ತರೆ ಕೊಂದವಳು ನಾನೇ ಎಂದು ಗೊತ್ತಿತ್ತು.

ಅಕ್ಕ ಸಾಯಲಿಲ್ಲ. ‘ಹೌದಲ್ಲ’ ಎಂದಳು. ಅಷ್ಟೇ ಅಂದು, ಹೊಟ್ಟೆಯ ತಳದಿಂದ ಒಂದು ದನಿ ತೆಗೆದಳು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹಾಡ್ಯಾಡಿ ಅಳುತ್ತಾರೆ. ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಹೋದವರ ಒಂದೊಂದೇ ಸಂಗತಿ ಎತ್ತಿ ಎತ್ತಿ ಅಳುವುದು. ಅಕ್ಕ ಮುಧೋಳದಲ್ಲಿ ಅಳದೇ ಬಿಟ್ಟದ್ದನ್ನು ಅಲ್ಲಿ, ಕಂಡಿಕೆಗಳ ನಡುವೆ, ಶುರು ಮಾಡಿದಳು. ಬೀಳಗಿಯವಳು ಅವಳ ಕೊರಳಿಗೆ ಬಿದ್ದಳು.

‘ಜ್ವರದ ಮೈಗೆ ಕೌದಿ ನಾ ಹೊಚ್ಚಿದ್ನೋ ನನ್ನಪ್ಪಾ, ಮಣ್ಣು ಯಾರು ಹೊಚ್ಚಿದ್ರೋ... ನೀರ ಬೇಡಿದ್ಯಲ್ಲೋ ನನ್ನ ರಾಜಾ, ಬಿಸೀದ ಕೊಡ್ತೇನಂತ ಒಲೀ ಮುಂದ ಕುಂತಿದ್ನೋ...’

ಅವಳಿಗೆ ಎಲ್ಲವೂ ನೆನಪಿತ್ತು. ಯಾವ ಸಂಜೆ ಜ್ವರ ಏರಿತು, ಯಾವ ಅಂಗಿ ತೊಡಿಸಿದ್ದಳು, ಕೊನೆಗೆ ಅವನು ಯಾವ ಕಡೆ ಹೊರಳಿ ಮಲಗಿದ, ಒಂದೂ ಬಿಡದೆ ಎಲ್ಲ. ಒಂದೂವರೆ ವರ್ಷ ನಮ್ಮ ಸುಳ್ಳಿನ ಕೆಳಗೆ ಅವನ್ನು ಹಾಗೇ ಇಟ್ಟುಕೊಂಡು ಕುಳಿತಿದ್ದಳು.

ಸಾಹುಕಾರರು ಮುಂದೆ ಸರಿದು ಕುಳಿತಿದ್ದರು. ಅವರ ಕಣ್ಣಲ್ಲೂ ನೀರಿತ್ತು, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ನನ್ನ ಕಡೆ ಬಾಗಿ, ದನಿ ತಗ್ಗಿಸಿ, ‘ಬರಕೋ ತಂಗಿ, ಲಗೂನ ಬರಕೋ. ಒಲಿ ಅಂದ್ರ ಏನಂತ ತಿಳದಿ?’ ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮಗ್ಗದ ಕುಣಿಯಿಂದ ಮೇಲೆ ಬಂದ. ಸಾಹುಕಾರರ ಎದುರು ಎಂದೂ ತಲೆಯೆತ್ತಿ ಮಾತಾಡದ ಮನುಷ್ಯ.

‘ಸಾಹುಕಾರ್ರ, ನನ್ನ ಮಗಳು ಅಳಾಕತ್ತಾಳ. ನೀವು ಎದ್ದ ಹೋಗ್ರಿ.’

‘ಏನಂದಿ?’

‘ನೂಲ ಕೊಡ್ತೀರೋ ಬಿಡ್ತೀರೋ, ನಿಮಗ ಬಿಟ್ಟಿದ್ದು. ಈಗ ಎದ್ದ ಹೋಗ್ರಿ.’

ಅವರು ರುಮಾಲು ಎತ್ತಿಕೊಂಡು ಹೋದರು. ಮರುದಿನದಿಂದ ನಮ್ಮ ಮನೆಗೆ ನೂಲು ಬರುವುದು ನಿಂತಿತು. ಅಪ್ಪ ಅಕ್ಕನನ್ನು ಧಾರವಾಡಕ್ಕೆ ಕರೆದುಕೊಂಡು ಹೊರಟದ್ದು ಅದೇ ವಾರ, ಮಗ್ಗ ಬರಿದಾಗಿದ್ದಾಗ. ಆದರೆ ಆ ಮಧ್ಯಾಹ್ನ ಅವನು ಮಾಡಿದ್ದು ಬೇರೆ. ಅಕ್ಕನ ಅಳು ತುಸು ಇಳಿದ ಮೇಲೆ ಅವಳ ಎದುರು ನೆಲದ ಮೇಲೆ ಕುಳಿತು, ‘ಜ್ವರ ಯಾವಾಗ ಬಂತವಾ? ಮದಲಿಂದ ಹೇಳು’ ಎಂದ. ಅಕ್ಕ ಹೇಳತೊಡಗಿದಳು. ಅವಳು ನಿಂತಲ್ಲೆಲ್ಲ ಅಪ್ಪ ‘ಮುಂದ?’ ಎನ್ನುತ್ತಿದ್ದ.